ಟೆರೇಸಿನ ಚಂದ್ರ ಮತ್ತು ಒಂದು ದಿನದ ರಜೆ

ಅಪಾರ್ಟ್‌ಮೆಂಟಿನ ಎಲೆಕ್ಟ್ರಿಷಿಯನ್ ನಜೀರ್ ಎರಡು ವರ್ಷ ರಂಜಾನ್ ಹಬ್ಬದ ಊಟವನ್ನು ನಮ್ಮ ಪಂಪ್ ರೂಮಿನಲ್ಲಿ ಸ್ಟೂಲಿನ ಮೇಲೆ ಕೂತು ಮಾಡಿದ. ಅದೂ ಹಬ್ಬದ ರಜೆ ಮಂಜೂರಾದ ಮೇಲೆ. ಮಂಜೂರು ಮಾಡಿದವನು ನಾನು. ಕೊಟ್ಟ ರಜೆ ಹಬ್ಬದ ದಿನಕ್ಕೆ ಬೀಳಲಿಲ್ಲ, ಅಷ್ಟೆ. ಅಷ್ಟೆ ಎಂದು ಬರೆಯುವುದು ಸುಲಭ. ಹೊಸೂರಿನ ಆಚೆ ಡೆಂಕಣಿಕೋಟೆಯಲ್ಲಿ ಅವನ ತಾಯಿ ಎರಡು ವರ್ಷವೂ ಶ್ಯಾವಿಗೆ ಪಾಯಸ ಕಾಯಿಸಿಟ್ಟು ಮಗನಿಲ್ಲದೆ ಕೂತಿದ್ದರು.

ಅಪಾರ್ಟ್‌ಮೆಂಟ್ ಮ್ಯಾನೇಜರ್ ಕೆಲಸಕ್ಕೆ ಸೇರುವ ಹುಡುಗರು ಈಗಲೂ ಒಬ್ಬಿಬ್ಬರು ನನ್ನ ಹತ್ತಿರ ಬರುತ್ತಾರೆ. ಜನರೇಟರ್ ಬಗ್ಗೆ ಕೇಳುತ್ತಾರೆ, ನೀರಿನ ಲಾರಿ ಬಗ್ಗೆ ಕೇಳುತ್ತಾರೆ. ಹಬ್ಬದ ಬಗ್ಗೆ ಯಾರೂ ಕೇಳುವುದಿಲ್ಲ. ನನ್ನ ಬೆವರಿಳಿಸಿದ್ದು ಜನರೇಟರ್ ಅಲ್ಲ, ಹಬ್ಬ. ಅದಕ್ಕೇ ಇದನ್ನು ಬರೆದಿಡುತ್ತಿದ್ದೇನೆ. ಬರೆದರೆ ನನಗೂ ಸ್ವಲ್ಪ ಸ್ಪಷ್ಟವಾಗಬಹುದು ಎಂಬ ಆಸೆಯೂ ಇದೆ.

ನಾನು ಮಳವಳ್ಳಿ ಕಡೆಯವನು. ಇಪ್ಪತ್ತನೆಯ ವಯಸ್ಸಿಗೆ ಮದರಾಸಿಗೆ ಬಂದು, ವಡಪಳನಿಯ ಸ್ಟುಡಿಯೋಗಳಿಗೆ ಶಾಮಿಯಾನ ಕಟ್ಟುವ ಒಬ್ಬರ ಬಳಿ ಗಳ ಹೊತ್ತೆ. ಹೂವಿನವನ ಜೊತೆ, ಲೈಟಿನವನ ಜೊತೆ, ಕುರ್ಚಿಯವನ ಜೊತೆ ಚೌಕಾಸಿ ಮಾಡಿ ಮಾಡಿ ತಮಿಳು ಕಲಿತೆ. ಕೊನೆಗೆ ಶೋಳಿಂಗನಲ್ಲೂರಿನಲ್ಲಿ ಹದಿನಾಲ್ಕು ಮಹಡಿಯ ಮೂರು ಬ್ಲಾಕುಗಳ ಒಂದು ವಸತಿ ಸಮುಚ್ಚಯಕ್ಕೆ ಮ್ಯಾನೇಜರ್ ಆದೆ. ಪುಟ್ಟಸ್ವಾಮಿ ಎಂಬ ಹೆಸರಿನಲ್ಲಿ ಪುಟ್ಟ ಉದುರಿ ಎಲ್ಲರಿಗೂ ಬರೀ ಸ್ವಾಮಿಯಾದೆ.

ಆ ಮೂರು ಬ್ಲಾಕುಗಳಲ್ಲಿ ಯಾರಿಲ್ಲ ಹೇಳಿ. ತಮಿಳರು, ತೆಲುಗರು, ಮಲಯಾಳಿಗಳು, ಬಂಗಾಳಿಗಳು, ಗುಜರಾತಿಗಳು, ನಮ್ಮ ಮೈಸೂರು ಮಂಡ್ಯದ ಐಟಿ ದಂಪತಿಗಳು, ತಲೆಮಾರುಗಳಿಂದ ಮದರಾಸಿನಲ್ಲೇ ಇರುವ ಕನ್ನಡದ ಅಯ್ಯಂಗಾರ್ಯರು, ನಾಲ್ಕೈದು ಮುಸ್ಲಿಂ ಮನೆ, ಹತ್ತಾರು ಕ್ರಿಶ್ಚಿಯನ್ ಮನೆ. ಎಲ್ಲರಿಗೂ ಸೇರಿ ಇದ್ದದ್ದು ಒಂದೇ ಹಾಲ್. ಸರ್ಕಾರಿ ರಜೆ ಬಂತೆಂದರೆ ಊರೆಲ್ಲ ಹಾಯಾಗಿ ಮಲಗುತ್ತದೆ, ಮ್ಯಾನೇಜರ್ ಒಬ್ಬ ಎದ್ದು ಕೂತಿರುತ್ತಾನೆ.

ಮೊದಲ ಡಿಸೆಂಬರಿನಲ್ಲೇ ನನ್ನ ತಲೆ ತಿರುಗಿತು. ಹಾಲಿನ ಮೂಲೆಯಲ್ಲಿ ಕ್ರಿಸ್ಮಸ್ ಮರ ನಿಂತಾಗಿತ್ತು. ಅದೇ ವಾರ ವೈಕುಂಠ ಏಕಾದಶಿಯ ಭಜನೆಯವರು ಬೆಳಗಿನ ಜಾವಕ್ಕೆ ಹಾಲ್ ಬೇಕೆಂದರು. ಮರ ತೆಗೆಯಬೇಕು ಎಂದು ಇವರು, ಅಲಂಕರಿಸಿದ ಮರ ಮುಟ್ಟುವಂತಿಲ್ಲ ಎಂದು ಅವರು. ನಾನು ಶಾಮಿಯಾನದವನಲ್ಲವೆ, ಮರದ ಮುಂದೆ ಒಂದು ಪರದೆ ಎಳೆದೆ. ಪರದೆಯ ಮೇಲೆ ಭಜನೆಯವರ ವೆಂಕಟೇಶನ ಪಟ ತೂಗುಹಾಕಿದೆ. ಹಿಂದಿನಿಂದ ಮರದ ಸೀರಿಯಲ್ ಲೈಟು ಮಿನುಗಿ ಪಟದ ಸುತ್ತ ಪ್ರಭಾವಳಿ ಬಂತು. ಎಷ್ಟು ಚೆನ್ನಾಗಿದೆ ಅಲಂಕಾರ ಎಂದು ಇಬ್ಬರೂ ನನ್ನನ್ನೇ ಹೊಗಳಿದರು. ಅಲ್ಲಿಂದ ಒಂದು ಪಾಠ ಕಲಿತೆ. ಹಬ್ಬದ ವಿಷಯದಲ್ಲಿ ಯಾರಿಗೂ ಆಗುವುದಿಲ್ಲ ಎನ್ನಬೇಡಿ. ಎಷ್ಟು ಹೊತ್ತಿಗೆ, ಎಷ್ಟು ಹೊತ್ತು, ಇಷ್ಟನ್ನೇ ಕೇಳಿ. ಮಿಕ್ಕದ್ದು ತಾನಾಗಿ ಚೌಕಾಸಿಗೆ ಬರುತ್ತದೆ.

ಆದರೆ ಚೌಕಾಸಿ ಗೊತ್ತಿದ್ದ ಮಾತ್ರಕ್ಕೆ ಪಂಚಾಂಗ ಗೊತ್ತಿರುತ್ತದೆಯೆ? ಒಂದು ಆಗಸ್ಟಿನಲ್ಲಿ ಕೃಷ್ಣ ಜಯಂತಿಗೆ ಹಾಲ್ ಕೇಳಿ ಎರಡು ಅರ್ಜಿ ಬಂದವು, ಬೇರೆ ಬೇರೆ ದಿನಕ್ಕೆ. ಒಬ್ಬರು ತಾರೀಖು ತಪ್ಪು ಬರೆದಿದ್ದಾರೆ ಎಂದುಕೊಂಡು, ಗೋಡೆಯ ಕ್ಯಾಲೆಂಡರ್ ನೋಡಿ, ಎರಡನೆಯದನ್ನು ಹೊಡೆದುಹಾಕಿದೆ. ಮಾರನೆಯ ದಿನ ಬಿ ಬ್ಲಾಕಿನ ಪದ್ಮಾ ಮಾಮಿ ಆಫೀಸಿಗೇ ಬಂದರು. ಟ್ರಿಪ್ಲಿಕೇನಿನಲ್ಲಿ ಹುಟ್ಟಿದ ಅಯ್ಯಂಗಾರ್ ಹೆಂಗಸು. ಅವರ ಕನ್ನಡಕ್ಕೂ ತಮಿಳಿಗೂ ನಡುವೆ ಬೇಲಿ ಇಲ್ಲ.

"ಏನ್ ಸ್ವಾಮಿ, ನಮ್ಮ ಕೃಷ್ಣ ಹುಟ್ಟೋದನ್ನ ನೀವೇ ಕ್ಯಾನ್ಸಲ್ ಪಣ್ಣಿಬಿಟ್ಟಿರಂತೆ?"

"ಇಲ್ಲಮ್ಮ, ಹಬ್ಬ ಸೋಮವಾರವೇ ಇದೆ. ಕ್ಯಾಲೆಂಡರ್ ನೋಡಿ."

"ಅದು ಅವಾಳ್ ಕೃಷ್ಣ, ಅವರದು. ನಮ್ಮವನು ನಕ್ಷತ್ರ ನೋಡಿಕೊಂಡು ಹುಟ್ತಾನೆ. ನಿಮ್ಮ ಊರಲ್ಲಿ ಕೃಷ್ಣ ಒಂದೇ ಸರ್ತಿಯಾ ಹುಟ್ಟೋದು?"

ನಮ್ಮ ಊರಿನಲ್ಲಿ ಕೃಷ್ಣ ಯಾವಾಗ ಹುಟ್ಟುತ್ತಾನೆ ಎಂದು ನಾನು ಯಾವತ್ತೂ ಯೋಚಿಸಿಯೇ ಇರಲಿಲ್ಲ. ಹಾಲ್ ವಾಪಸ್ ಕೊಟ್ಟೆ. ಅವರು ಬೆಣ್ಣೆ ಮುರುಕು ಕಳಿಸಿದರು. ಮೊದಲ ಕೃಷ್ಣನವರೂ ಕಳಿಸಿದ್ದರು. ಒಂದೇ ದೇವರು, ಎರಡು ಹುಟ್ಟುಹಬ್ಬ, ಎರಡು ಡಬ್ಬ ತಿಂಡಿ. ಗೊಂದಲದಲ್ಲೂ ಲಾಭ ಇದೆ ಎಂದು ಆಗ ನಕ್ಕಿದ್ದೆ.

ನಜೀರ್ ಎಂಥವನು ಎಂದು ಗೊತ್ತಾಗಿದ್ದು ಒಂದು ಗಣೇಶನ ಹಬ್ಬದಲ್ಲಿ. ಅವನು ಹಗಲು ಪಾಳಿಯ ಎಲೆಕ್ಟ್ರಿಷಿಯನ್, ನಲವತ್ತರ ಆಸುಪಾಸು. ಡೆಂಕಣಿಕೋಟೆಯವನಾದ್ದರಿಂದ ಮನೆಯಲ್ಲಿ ಉರ್ದು, ಬೀದಿಯಲ್ಲಿ ತಮಿಳು, ನನ್ನ ಜೊತೆ ಕನ್ನಡ. ಆ ವರ್ಷ ಹಾಲಿನಲ್ಲಿ ಗಣಹೋಮ ಇಟ್ಟುಕೊಂಡರು. ಚಾವಣಿಯಲ್ಲಿ ಹೊಗೆ ಪತ್ತೆ ಮಾಡುವ ಯಂತ್ರ ಇರುವುದು ಪುರೋಹಿತರಿಗೂ ಗೊತ್ತಿಲ್ಲ, ನನಗೂ ನೆನಪಾಗಲಿಲ್ಲ. ಪೂರ್ಣಾಹುತಿಯ ಹೊತ್ತಿಗೆ ಮೂರು ಬ್ಲಾಕಿನಲ್ಲೂ ಬೆಂಕಿಯ ಗಂಟೆ ಹೊಡೆಯಿತು. ಹದಿನಾಲ್ಕು ಮಹಡಿಯ ಜನ ಮಕ್ಕಳನ್ನು ಎತ್ತಿಕೊಂಡು, ನಾಯಿಗಳನ್ನು ಹಿಡಿದುಕೊಂಡು ಮೆಟ್ಟಿಲಿಳಿದು ಬಂದರು. ಬಂದವರನ್ನು ಬರಿಗೈಲಿ ಕಳಿಸುವುದು ಹೇಗೆಂದು ಎಲ್ಲರಿಗೂ ಕೊಳುಕಟ್ಟೆ ಕಡುಬು ಹಂಚಿದೆವು. ಗಣೇಶನ ಹಬ್ಬಕ್ಕೆ ಅಷ್ಟು ಜನ ಮತ್ತೆಂದೂ ಸೇರಲಿಲ್ಲ.

ಮುಂದಿನ ವರ್ಷದಿಂದ ಹೋಮ ಇದ್ದರೆ ನಜೀರ್ ಮೊದಲೇ ಏಣಿ ಹತ್ತಿ ಆ ಯಂತ್ರಗಳಿಗೆ ಟೋಪಿ ಹಾಕುತ್ತಿದ್ದ. ಹೋಮ ಮುಗಿಯುವವರೆಗೆ ಬೆಂಕಿ ಆರಿಸುವ ಸಿಲಿಂಡರ್ ಹಿಡಿದು ಬಾಗಿಲಲ್ಲಿ ನಿಂತು, ಆಮೇಲೆ ಟೋಪಿ ತೆಗೆಯುತ್ತಿದ್ದ. ಯಾರೂ ಹೇಳಿದ್ದಲ್ಲ. ಪುರೋಹಿತರು ಬಂದವರೇ "ನಜೀರ್ ಬಂದಾಯ್ತಾ?" ಎಂದು ಕೇಳಿ ಆಮೇಲೆ ಸಂಕಲ್ಪ ಮಾಡುತ್ತಿದ್ದರು. ಎಲ್ಲರ ಹಬ್ಬವನ್ನೂ ಅವನು ಹೀಗೆ ಬಾಗಿಲಲ್ಲಿ ನಿಂತು ಕಾಯ್ದ. ಅವನ ಹಬ್ಬವನ್ನು ಕಾಯಬೇಕಾಗಿದ್ದ ನಾನು ಏನು ಮಾಡಿದೆ ಎಂಬುದು ಮುಂದಿನ ಮಾತು.

ಸಿಬ್ಬಂದಿಯ ಹಬ್ಬದ ರಜೆಗೆ ಮೊದಲು ನಿಯಮವೇ ಇರಲಿಲ್ಲ. ಕೇಳಿದವರಿಗೆ ಕೊಡುವುದು. ಅದು ಎಲ್ಲಿಗೆ ಮುಟ್ಟಿತೆಂದರೆ, ಹೌಸ್‌ಕೀಪಿಂಗಿನ ಸ್ಟೆಲ್ಲಾ ಒಂದು ವರ್ಷ ತಮಿಳರ ಆಡಿ ತಿಂಗಳಲ್ಲಿ, ನಮ್ಮ ಆಷಾಢದ ಹೊತ್ತಿಗೆ, ಅಮ್ಮನ್ ಗುಡಿಯ ಅಂಬಲಿ ಕಾಯಿಸುವುದಕ್ಕೆ ರಜೆ ಕೇಳಿದಳು.

"ನೀನು ಕ್ರಿಶ್ಚಿಯನ್ ಅಲ್ವೇನಮ್ಮ?"

"ನಾನ್ ಕ್ರಿಶ್ಚಿಯನ್ ಸಾರ್. ಎನ್ ಮಾಮಿಯಾರ್ ಇಲ್ಲೆಯೇ!"

ಅವಳು ಕ್ರಿಶ್ಚಿಯನ್ನೇ, ಆದರೆ ಅತ್ತೆ ಅಲ್ಲ. ಅತ್ತೆಯ ಹಬ್ಬ ಸೊಸೆಯದಲ್ಲ ಎಂದು ಯಾವ ಬಾಯಿಂದ ಹೇಳಲಿ? ಕೊಟ್ಟೆ. ಕ್ರಿಸ್ಮಸ್‌ಗೂ ಕೊಟ್ಟೆ, ವೇಳಾಂಗಣ್ಣಿ ಜಾತ್ರೆಗೂ ಕೊಟ್ಟೆ, ಪೊಂಗಲ್ಲಿಗೂ ಕೊಟ್ಟೆ. ಅದನ್ನು ನೋಡಿ ಸೆಕ್ಯುರಿಟಿಯ ಒಡಿಶಾ ಹುಡುಗರೂ ಸಾಲಾಗಿ ನಿಂತರು.

ಸಂಘದ ಅಧ್ಯಕ್ಷ ವರದರಾಜನ್ ಸಾರ್ ಬ್ಯಾಂಕಿನಿಂದ ನಿವೃತ್ತರಾದವರು. ಅವರಿಗೆ ಇದು ಸರಿಬರಲಿಲ್ಲ. ಆಗಷ್ಟೇ ಸಂಘಕ್ಕೆ ಒಂದು ಆಪ್ ಬಂದಿತ್ತು, ಹಾಲ್ ಬುಕಿಂಗ್, ದೂರು, ರಜೆ ಎಲ್ಲ ಅದರಲ್ಲೇ. ಅವರ ಮೆಚ್ಚುಗೆ ಗಳಿಸಲು ನಾನೇ ಒಂದು ನಿಯಮ ಕಟ್ಟಿಕೊಟ್ಟೆ. ಹಬ್ಬದ ರಜೆ ಒಬ್ಬೊಬ್ಬರಿಗೆ ವರ್ಷಕ್ಕೆ ಒಂದೇ ದಿನ, ಯಾವ ಹಬ್ಬ ಎಂಬುದು ಅವರಿಷ್ಟ, ತಾರೀಖನ್ನು ಒಂದು ವಾರ ಮೊದಲೇ ಆಪ್‌ಗೆ ಹಾಕಬೇಕು, ಹಾಕಿದ ಮೇಲೆ ಬದಲಿಲ್ಲ. ಎಲ್ಲ ಮತಕ್ಕೂ ಒಂದೇ ಅಳತೆ. ಅಧ್ಯಕ್ಷರು ನನ್ನ ಬೆನ್ನು ತಟ್ಟಿದರು. ನನಗೂ ನಾನು ಬಹಳ ನ್ಯಾಯವಂತನಾಗಿ ಕಂಡೆ.

ಆ ನ್ಯಾಯ ನಜೀರನ ಕೊರಳಿಗೆ ಬಿತ್ತು. ಮೊದಲ ವರ್ಷ ಕ್ಯಾಲೆಂಡರಿನಲ್ಲಿ ರಂಜಾನ್ ಶುಕ್ರವಾರ ಎಂದಿತ್ತು. "ಚಂದ್ರ ಕಾಣ್ಬೇಕು ಸಾರ್" ಎಂದ ನಜೀರ್. "ಕ್ಯಾಲೆಂಡರ್ ಅಚ್ಚು ಹಾಕೋರಿಗೆ ಅಷ್ಟೂ ಗೊತ್ತಿರಲ್ವೇನಯ್ಯ" ಎಂದೆ ನಾನು. ಗುರುವಾರ ಸಂಜೆ ಬಸ್ಸು ಹತ್ತಿ ಹೋದ. ಆ ಸಂಜೆ ಚಂದ್ರ ಕಾಣಲಿಲ್ಲ. ಶುಕ್ರವಾರ ತಾಯಿಯ ಮನೆಯಲ್ಲಿ ಉಪವಾಸವಿದ್ದು ಸಂಜೆ ವಾಪಸ್ ಹೊರಟ, ಶನಿವಾರ ಡ್ಯೂಟಿ ಇತ್ತಲ್ಲ. ಬಸ್ಸು ಊರಿನ ಗಡಿ ದಾಟುವಾಗ ಕಿಟಕಿಯಲ್ಲಿ ಚಂದ್ರ ಕಂಡಿತಂತೆ. ಹಬ್ಬದ ದಿನ ಬೆಳಿಗ್ಗೆ ಅವನು ನಮ್ಮ ಪಂಪ್ ರೂಮಿನಲ್ಲಿದ್ದ.

ಎರಡನೆಯ ವರ್ಷ ನಾನು ಬುದ್ಧಿವಂತನಾದೆ. ಕ್ಯಾಲೆಂಡರಿನಲ್ಲಿ ಬುಧವಾರ ಇದ್ದರೆ, ಹೋದ ಸಲದ ಹಾಗೆ ಒಂದು ದಿನ ಮುಂದಕ್ಕೆ ಹೋಗುತ್ತದೆ ಎಂದು ಲೆಕ್ಕ ಹಾಕಿ ಗುರುವಾರದ ರಜೆ ಹಾಕಿಸಿದೆ. ಆ ವರ್ಷ ಚಂದ್ರ ಕ್ಯಾಲೆಂಡರಿನ ಮಾತು ಕೇಳಿತು. ಬುಧವಾರ ಹಬ್ಬ. ನಜೀರ್ ಮತ್ತೆ ಪಂಪ್ ರೂಮಿನಲ್ಲಿ. ಗುರುವಾರ ಊರು ಮುಟ್ಟಿದಾಗ ಉಳಿದಿದ್ದು ನೆನ್ನೆಯ ಪಾಯಸ.

ಮೂರನೆಯ ವರ್ಷ ಅವನು ರಜೆ ಕೇಳಲು ಬರಲೇ ಇಲ್ಲ. ನಾನೇ ಪಂಪ್ ರೂಮಿಗೆ ಹೋದೆ.

"ಅಮ್ಮ ಬರಬೇಡ ಅಂದವ್ರೆ ಸಾರ್" ಎಂದ, ವಾಲ್ವ್ ತಿರುಗಿಸುತ್ತಲೇ. "ಬಂದು ಹಬ್ಬಕ್ಕೆ ಇಲ್ದೆ ಹೋಗೋದಾದ್ರೆ ಬರ್ಲೇಬೇಡ, ಕಣ್ಣಿಗೆ ಕಾಣದೆ ಇದ್ರೇ ವಾಸಿ ಅಂದ್ರು."

"ಈ ಸಲ ಸರಿಯಾಗ್ತದೆ ಕಣಪ್ಪ."

"ಈ ಸಲವೂ ತಪ್ಪಿದ್ರೆ ನಾನು ಊರಲ್ಲೇ ಅಂಗಡಿ ಹಾಕ್ಕೋತೀನಿ ಸಾರ್. ನಿಮ್ಮ ಮೇಲೆ ಕೋಪ ಇಲ್ಲ. ಮೂರು ವರ್ಷ ಅಮ್ಮನ ಮುಖ ನೋಡ್ದೆ ಹಬ್ಬ ಮಾಡೋಕಾಗಲ್ಲ."

ನನಗೆ ಎರಡು ಕಡೆಯಿಂದ ಹೊಡೆತ. ಆ ಕಟ್ಟಡದ ಕೊಳಾಯಿ ಯಾವುದು ಎಲ್ಲಿ ಹೋಗುತ್ತದೆ ಎಂದು ಅವನೊಬ್ಬನಿಗೇ ಗೊತ್ತು. ಅದು ಮ್ಯಾನೇಜರಿನ ಚಿಂತೆ. ಇನ್ನೊಂದು ಚಿಂತೆಗೆ ಹೆಸರಿಡಲು ನನಗೆ ಬರುವುದಿಲ್ಲ. ಕ್ಯಾಲೆಂಡರಿನಂತೆ ಸೋಮವಾರದ ರಜೆಯನ್ನು ನಾನೇ ಆಪ್‌ಗೆ ಹಾಕಿ, ಅಧ್ಯಕ್ಷರ ಬಳಿ ಹೋಗಿ ಅವನಿಗೆ ಎರಡು ದಿನ ಕೇಳಿದೆ.

"ನಿಯಮ ನೀವೇ ಮಾಡಿದ್ದಲ್ವಾ ಸ್ವಾಮಿ" ಎಂದರು. "ಸೋಮವಾರ ಹಾಕಿದ್ದೀರಿ, ಸೋಮವಾರ ಕೊಡಿ. ಮಂಗಳವಾರ ಲಿಫ್ಟ್ ತಪಾಸಣೆಗೆ ಅಧಿಕಾರಿಗಳು ಬರ್ತಾರೆ. ಅವನಿಲ್ಲದೆ ನಡೆಯೋದಿಲ್ಲ. ಸರಿ, ಸೋಮವಾರ ಪಂಪ್ ಯಾರು ನೋಡ್ತಾರೆ?"

"ನಾನು" ಎಂದೆ. ಆಡಿದ ಮೇಲೆ ನೆನಪಾಯಿತು, ಆ ಸೋಮವಾರ ನಮಗೂ ಹಬ್ಬ. ಭಾನುವಾರ ಯುಗಾದಿ, ಸೋಮವಾರ ಹೊಸತೊಡಕು. ನಮ್ಮ ಕಡೆ ಯುಗಾದಿಯ ದಿನ ಬೇವು ಬೆಲ್ಲ, ಒಬ್ಬಟ್ಟು. ಮಾರನೆಯ ದಿನ ಬಾಡೂಟ. ಹೊಸತೊಡಕಿನ ದಿನ ಏನು ಮಾಡುತ್ತೇವೆಯೋ ವರ್ಷವೆಲ್ಲ ಅದನ್ನೇ ಮಾಡುತ್ತೇವೆ ಎಂಬ ನಂಬಿಕೆ ಬೇರೆ.

ಅದನ್ನು ಮನೆಯಲ್ಲಿ ಹೇಳಿದಾಗ ನನ್ನ ಹೆಂಡತಿ ಸುಶೀಲ ಲಟ್ಟಣಿಗೆ ಕೆಳಗಿಟ್ಟು ನಕ್ಕಳು.

"ವರ್ಸೆಲ್ಲ ಪಂಪ್ ಒತ್ತಿ ಹಂಗಾದ್ರೆ. ಅಲ್ಲಾ, ನಾವು ಯುಗಾದಿ ಚಂದ್ರ ನೋಡೋದೂ ಅದೇ ಹೊತ್ತಲ್ವೇ? ಅಮಾಸೆ ಕಳ್ದು ಬರೋ ಚಂದ್ರ ಅವ್ರಿಗೊಂದು ನಮಗೊಂದು ಅದಾ?"

ಚಿಕ್ಕಂದಿನಿಂದ ಯುಗಾದಿಯ ಸಂಜೆ ಪಡುವಣಕ್ಕೆ ಮುಖ ಮಾಡಿ ನಿಂತವನು ನಾನು. ಅಂದು ಕಾಣದಿದ್ದರೆ ಮಾರನೆಯ ಸಂಜೆ. ಕಂಡ ಮೇಲೆ ಹಿರಿಯರ ಕಾಲಿಗೆ ನಮಸ್ಕಾರ. ಚಂದ್ರ ಗೋಡೆಯ ಕ್ಯಾಲೆಂಡರಿನಲ್ಲಿ ಕಾಣುವುದಿಲ್ಲ, ಹುಡುಕಬೇಕು, ಒಮ್ಮೊಮ್ಮೆ ಕೈಕೊಡುತ್ತದೆ ಎಂಬುದು ನನಗೆ ಹುಟ್ಟಿನಿಂದ ಗೊತ್ತಿದ್ದ ಸಂಗತಿ. ಆಫೀಸಿನಲ್ಲಿ ಕೂತಾಗ ಅದು ಯಾಕೆ ಗೊತ್ತಿರಲಿಲ್ಲ?

ಯುಗಾದಿಯ ಸಂಜೆ ಸುಶೀಲಳನ್ನು ಕರೆದುಕೊಂಡು ಸಿ ಬ್ಲಾಕಿನ ಟೆರೇಸಿಗೆ ಹೋದೆ. ಹದಿನಾಲ್ಕು ಮಹಡಿಯ ಮೇಲೆ, ಪಶ್ಚಿಮಕ್ಕೆ ಜೌಗು ನೆಲ ದಾಟಿ ಬಯಲೇ ಬಯಲು. ಮುಸ್ಲಿಂ ಮನೆಗಳ ಹುಡುಗರು ಯಾರೂ ಬಂದಿರಲಿಲ್ಲ, ಅವರೆಲ್ಲ ಈಗ ಸುದ್ದಿಯನ್ನು ಮೊಬೈಲಿನಲ್ಲೇ ಕಾಯುತ್ತಾರೆ. ನಜೀರನ ಲೆಕ್ಕ ಬೇರೆ. ಖಾಜಿಯವರ ಘೋಷಣೆ ಬರುವಾಗ ಒಂಬತ್ತು ಗಂಟೆಯಾದರೂ ಆಗಬಹುದು. ಅವನ ಬಸ್ಸು ಕೋಯಂಬೇಡು ಬಸ್ ಸ್ಟ್ಯಾಂಡಿನಿಂದ ಎಂಟೂವರೆಗೆ. ಏಳಕ್ಕೆ ನಮ್ಮ ಗೇಟು ಬಿಡದಿದ್ದರೆ ಬಸ್ಸಿಲ್ಲ. ಬಸ್ಸು ಬಿಟ್ಟರೆ ಬೆಳಗಿನ ನಮಾಜಿಗೆ ಊರು ಮುಟ್ಟುವುದಿಲ್ಲ. ತಿಳಿಯದೆ ಹೊರಟರೆ ಮೊದಲ ವರ್ಷದ ಕತೆಯೇ. "ಚಂದ್ರ ಕಂಡ್ರೆ ಹೋಗ್ತೀನಿ, ಇಲ್ದಿದ್ರೆ ಇಲ್ಲ" ಎಂದು ಬೆಳಿಗ್ಗೆಯೇ ಹೇಳಿಬಿಟ್ಟಿದ್ದ. ಈಗ ಕೆಳಗೆ ಉಪವಾಸ ಬಿಟ್ಟು, ನಮಾಜು ಮುಗಿಸಿ ಮೇಲೆ ಬರುವವನಿದ್ದ.

ಪಶ್ಚಿಮದಲ್ಲಿ ಮೋಡ. ದಟ್ಟ ಮೋಡವಲ್ಲ, ಹರಿದ ಪಂಚೆಯ ಹಾಗೆ ಅಲ್ಲಲ್ಲಿ. ನಾನು ಕನ್ನಡಕ ತೆಗೆದು ನೋಡಿದೆ, ಹಾಕಿಕೊಂಡು ನೋಡಿದೆ.

"ಅಗೋ!" ಸುಶೀಲ ಕೈ ಚಾಚಿದಳು. ಎರಡು ತಿಂಗಳ ಹಿಂದೆ ಅವಳ ಕಣ್ಣಿನ ಪೊರೆ ತೆಗೆಸಿದ್ದೆವು. ಅಂದಿನಿಂದ ಸೂಜಿಗೆ ದಾರ ನನ್ನನ್ನು ಕೇಳದೆ ತಾನೇ ಪೋಣಿಸುತ್ತಿದ್ದಳು. "ಅಗೋ, ಆ ಕ್ರೇನ್ ಪಕ್ಕದಲ್ಲಿ ನೋಡ್ರೀ!"

"ಎಲ್ಲೇ?"

"ಅಯ್ಯೋ ನಿಮ್ ತಲೆ. ಕ್ರೇನ್ ತುದಿ ಬಿಟ್ಟು ಒಂದು ಗೇಣು ಬಲಕ್ಕೆ. ಉಗುರು ಕತ್ರಿಸಿ ಎಸ್ದಂಗೆ ಅದೆ."

ನನಗೆ ಕ್ರೇನ್ ಕಂಡಿತು. ಅದರ ಬಲಕ್ಕೆ ಮೋಡ ಕಂಡಿತು. ಮತ್ತೇನೂ ಇಲ್ಲ. ಅಷ್ಟರಲ್ಲಿ ಮೆಟ್ಟಿಲ ಬಾಗಿಲು ತಳ್ಳಿಕೊಂಡು ನಜೀರ್ ಬಂದ. ಹೆಗಲಲ್ಲಿ ಬ್ಯಾಗು, ಕೈಯಲ್ಲಿ ಅರ್ಧ ತಿಂದ ಖರ್ಜೂರ. ಅವನು ತಲೆಯೆತ್ತುವ ಹೊತ್ತಿಗೆ ಮೋಡ ಕ್ರೇನನ್ನೂ ನುಂಗಿತ್ತು.

"ಅಕ್ಕಂಗೆ ಕಂಡ್ತಂತೆ ಕಣೋ" ಎಂದೆ.

ಅವನು ಸುಶೀಲಳ ಮುಖ ನೋಡಿದ. ಅವಳು ಏನೋ ಹೇಳಲು ಬಾಯಿ ತೆರೆದಳು. ಅವನು ನನ್ನ ಕಡೆ ತಿರುಗಿದ. "ನಿಮಗೆ ಕಂಡ್ತಾ ಸಾರ್? ಒಬ್ರು ನೋಡಿದ್ರೆ ಆಗಲ್ಲ. ಇಬ್ರು ನೋಡಿರ್ಬೇಕು."

"ನನ್ನ ಮಾತನ್ನ ಖಾಜಿ ಸಾಹೇಬರು ಕೇಳ್ತಾರೇನಯ್ಯ?"

"ಖಾಜಿ ಸಾಹೇಬರಿಗಲ್ಲ ಸಾರ್. ನನ್ನ ಬಸ್ಸಿಗೆ."

ಏಳಕ್ಕೆ ಹತ್ತು ನಿಮಿಷವಿತ್ತು. ಜೀವಮಾನವೆಲ್ಲ ಚೌಕಾಸಿ ಮಾಡಿದವನು ನಾನು. ಇದ್ದದ್ದನ್ನು ಇಲ್ಲ ಎಂದಿದ್ದೇನೆ, ಇಲ್ಲದ್ದನ್ನು ಇದೆ ಎಂದಿದ್ದೇನೆ. ಹೂವಿನವನ ಮುಂದೆ ಬೇರೆ ಅಂಗಡಿಯ ಸುಳ್ಳು ದರ ಹೇಳಿದ್ದೇನೆ. ಯಾವತ್ತೂ ನಾಲಿಗೆ ತೊದಲಿರಲಿಲ್ಲ. ಆ ಸಂಜೆ ಒಂದೇ ಪದಕ್ಕೆ ಲೆಕ್ಕ ಹಾಕುತ್ತಾ ನಿಂತೆ. ಕಂಡೆ ಎಂದು ಕಳಿಸಿ, ಹಬ್ಬ ಮಂಗಳವಾರವಾದರೆ ನಾನೇ ಅವನ ಹಬ್ಬವನ್ನು ಮೂರನೆಯ ಸಲ ತಪ್ಪಿಸಿದಂತೆ. ಕಾಣಲಿಲ್ಲ ಎಂದರೆ ಬಸ್ಸು ಹೋಯಿತು, ಹಬ್ಬ ನಾಳೆಯೇ ಆದರೆ ಅದೂ ನನ್ನ ಪಾಲಿಗೆ. ಸುಶೀಲಳ ಹೊಸ ಕಣ್ಣನ್ನು ನಂಬಿದೆ.

"ಕಂಡೆ" ಎಂದೆ. "ಕ್ರೇನಿನ ಬಲಕ್ಕೆ. ಉಗುರಿನಷ್ಟು."

ನಜೀರ್ ಕಣ್ಣು ಮುಚ್ಚಿ ಎರಡೂ ಅಂಗೈಯನ್ನು ಮುಖದ ಮೇಲೆ ಎಳೆದುಕೊಂಡ. ಆಮೇಲೆ, ಏನು ತಿಳಿಯಿತೋ, ಬಗ್ಗಿ ನಮ್ಮಿಬ್ಬರ ಕಾಲು ಮುಟ್ಟಿದ. "ನಿಮ್ಮ ಕಡೆ ಹಿಂಗೆ ಮಾಡ್ತೀರಲ್ಲ ಚಂದ್ರ ನೋಡಿದ ಮೇಲೆ" ಎಂದು ನಕ್ಕು ಮೆಟ್ಟಿಲಿಗೆ ಓಡಿದ.

ಆಮೇಲಿನ ಒಂದೂಕಾಲು ಗಂಟೆ ನನ್ನ ಕೆಲಸದ ಬದುಕಿನ ಅತಿ ಉದ್ದದ ಹೊತ್ತು. ಅಡುಗೆಮನೆಗೂ ಬಾಲ್ಕನಿಗೂ ಓಡಾಡಿದೆ. ಟಿವಿಯಲ್ಲಿ ಒಂದು ಕಡೆ ಕಾಣಲಿಲ್ಲ ಎಂದರು, ಇನ್ನೊಂದು ಊರಿನಲ್ಲಿ ಕಂಡಿತು ಎಂದರು, ಮತ್ತೊಂದು ಕಡೆ ಇನ್ನೂ ಚರ್ಚೆ ನಡೆದಿದೆ ಎಂದರು. ಸುಶೀಲ ಒಬ್ಬಟ್ಟಿನ ಪಾತ್ರೆ ತೊಳೆಯುತ್ತಿದ್ದಳು. ತೊಳೆದದ್ದನ್ನೇ ತೊಳೆಯುತ್ತಿದ್ದಳು. ಎಂಟೂಕಾಲಕ್ಕೆ ಫೋನ್ ಬಂತು. ಹಿಂದೆ ಬಸ್ ಸ್ಟ್ಯಾಂಡಿನ ಗಲಾಟೆ.

"ಸಾರ್! ಅನೌನ್ಸ್ ಆಯ್ತು ಸಾರ್! ನಾಳೆನೇ ಹಬ್ಬ! ನೀವು ನೋಡಿದ್ದು ಸರಿಯಾಗೇ ಅದೆ!"

"ಹುಷಾರಾಗಿ ಹೋಗಿ ಬಾರಪ್ಪ" ಎಂದೆ.

ಹೊಸತೊಡಕಿನ ದಿನವೆಲ್ಲ ಪಂಪ್ ರೂಮಿನಲ್ಲಿ ನಜೀರನ ಸ್ಟೂಲಿನ ಮೇಲೆ ಕೂತಿದ್ದೆ. ಮಧ್ಯಾಹ್ನ ಸುಶೀಲ ಕ್ಯಾರಿಯರಿನಲ್ಲಿ ಮುದ್ದೆ, ಬಾಡಿನ ಸಾರು ತಂದಳು. ಮೋಟರಿನ ಸದ್ದಿನಲ್ಲಿ ಇಬ್ಬರೂ ತಿಂದೆವು. ಡೆಂಕಣಿಕೋಟೆಯಲ್ಲೂ ಈಗ ಬಾಡೂಟವೇ ನಡೆದಿರುತ್ತದೆ ಎಂದುಕೊಂಡೆ. ಆ ಕಬ್ಬಿಣದ ಸ್ಟೂಲು ಎಷ್ಟು ಒತ್ತುತ್ತದೆ ಎಂದು ಅಂದೇ ಗೊತ್ತಾಗಿದ್ದು. ಎರಡು ಹಬ್ಬ ಅವನು ಅದರ ಮೇಲೆ ಕೂತಿದ್ದ.

ಮಂಗಳವಾರ ಬೆಳಿಗ್ಗೆ ಲಿಫ್ಟ್ ತಪಾಸಣೆಯ ಹೊತ್ತಿಗೆ ನಜೀರ್ ಸರಿಯಾಗಿ ಬಂದ. ಡಬ್ಬದ ತುಂಬ ಪಾಯಸ ತಂದಿದ್ದ. "ಚಂದ್ರ ನೋಡಿ ಹೇಳಿದ ಸಾರ್‌ಗೆ ಅಮ್ಮ ಸಲಾಂ ಹೇಳವ್ರೆ" ಎಂದ. ನಾನು ಪಾಯಸ ತಿಂದೆ. ನಿಜ ಹೇಳಿಬಿಡಲೇ ಎಂದು ಎಷ್ಟೋ ಸಲ ಅವನ ಹತ್ತಿರ ಹೋಗಿದ್ದೇನೆ. ಹೋಗಿ, ಬೂಸ್ಟರ್ ಪಂಪ್ ಹೇಗಿದೆ ಎಂದು ಕೇಳಿ ಬಂದಿದ್ದೇನೆ. ಹೇಳಿದ್ದು ಸುಳ್ಳು, ಆದದ್ದು ನಿಜ. ಇದನ್ನು ಯಾವ ಕಾಲಮ್ಮಿಗೆ ಹಾಕುವುದು?

ಹೇಳಲಾಗದ್ದಕ್ಕೆ ಬದಲು ನಾನು ಮಾಡಿದ್ದು ಒಂದು ಕೊನೆಯ ಚೌಕಾಸಿ. ನಿವೃತ್ತಿಗೆ ಮೂರು ತಿಂಗಳು ಮುಂಚೆ ಅಧ್ಯಕ್ಷರ ಮುಂದೆ ಕೂತೆ. ಚಂದ್ರನನ್ನು ನೋಡಿ ಮಾಡುವ ಹಬ್ಬಕ್ಕೆ ಎರಡು ದಿನ ಬರೆದುಕೊಳ್ಳಬೇಕು, ಯಾವುದು ಬಂದರೂ ಸರಿ ಎಂದೆ.

"ಆಪ್‌ನಲ್ಲಿ ಒಂದೇ ತಾರೀಖಿಗೆ ಜಾಗ ಇರೋದು ಸ್ವಾಮಿ."

"ಹಾಗಾದರೆ ಗೋಡೆಗೆ ಒಂದು ಕಾಗದ ಅಂಟಿಸೋಣ ಸಾರ್. ಆಪ್‌ಗೆ ಜಾಗ ಸಾಲದೆ ಇದ್ದರೆ ಗೋಡೆಗೆ ಇದೆಯಲ್ಲ."

"ಎಲ್ಲರೂ ಎರಡು ದಿನ ಕೇಳ್ತಾರೆ."

"ಪದ್ಮಾ ಮಾಮಿ ಕೇಳಿದಾಗ ಕೃಷ್ಣನಿಗೇ ಎರಡು ದಿನ ಕೊಟ್ಟಿದ್ದೀವಿ ಸಾರ್" ಎಂದೆ. ಅವರು ನಕ್ಕು ಸಹಿ ಹಾಕಿದರು. ಹೊಸದಾಗಿ ಈ ಕೆಲಸಕ್ಕೆ ಬರುವವರೇ, ಇಷ್ಟು ನೆನಪಿಡಿ. ಎಲ್ಲರಿಗೂ ಒಂದೇ ಅಳತೆ ಎಂಬುದು ಕೇಳಲು ಚೆಂದ. ಅಳೆಯುವ ಮುಂಚೆ ಅವರ ಹಬ್ಬ ಹೇಗೆ ಬರುತ್ತದೆ ಎಂದು ಒಂದು ಸಲ ಕೇಳಿ. ಕ್ಯಾಲೆಂಡರನ್ನು ಕೇಳಬೇಡಿ, ಅವರನ್ನೇ ಕೇಳಿ.

ಈ ವರ್ಷವೂ ಯುಗಾದಿ ಮತ್ತು ರಂಜಾನ್ ಬೆನ್ನಿಗೆ ಬೆನ್ನು ಹಚ್ಚಿಕೊಂಡು ಬಂದವು. ನಾವೀಗ ಎರಡು ಬೀದಿ ಆಚೆ ಬಾಡಿಗೆ ಮನೆಯಲ್ಲಿದ್ದೇವೆ. ಅಲ್ಲಿನ ಟೆರೇಸಿಗೆ ಪಶ್ಚಿಮವೇ ಇಲ್ಲ, ನಾನು ಕಾಯ್ದ ಹದಿನಾಲ್ಕು ಮಹಡಿಯೇ ಅಡ್ಡ ನಿಂತಿದೆ. ಸೆಕ್ಯುರಿಟಿಯವರನ್ನು ಕೇಳಿಕೊಂಡು ಮತ್ತೆ ಸಿ ಬ್ಲಾಕಿನ ಮೇಲೆಯೇ ಹೋದೆವು. ಅದೇ ಜಾಗ. ಕ್ರೇನ್ ಹೋಗಿ ಅಲ್ಲಿ ಕಟ್ಟಡ ಎದ್ದಿದೆ. ಮೋಡ ಹಾಗೆಯೇ ಇದೆ.

"ರೀ" ಎಂದಳು ಸುಶೀಲ. "ಒಂದು ಮಾತು. ಹೋದ್ ವರ್ಸ ನನಗೆ ಕಂಡಿದ್ದು ಚಂದ್ರ ಅಲ್ಲ ಕಣ್ರೀ."

"ಮತ್ತೆ?"

"ವಿಮಾನ. ಮೀನಂಬಾಕದ ಏರ್‌ಪೋರ್ಟ್ ಕಡೆಗೆ ಇಳೀತಿತ್ತು. ಮೊದ್ಲು ಚಂದ್ರ ಅಂತ್ಲೇ ಅಂದ್ಕಂಡೆ, ಆಮೇಲೆ ಅದು ಸರೀತು. ತಪ್ಪಾಯ್ತು ಅಂತ ಬಾಯಿ ತೆಗ್ದೆ, ಅಷ್ಟ್ರಲ್ಲಿ ನೀವು ಕಂಡೆ ಅಂದ್ಬುಟ್ರಿ. ಉಗುರಿನಷ್ಟು ಅಂತ ಬೇರೆ ಅಂದ್ರಿ. ಸರಿ, ಇವ್ರಿಗೆ ನಿಜವಾಗ್ಲೂ ಕಂಡದೆ ಅಂದ್ಕಂಡು ಸುಮ್ನಾದೆ."

ನಾನು ಅವಳ ಮುಖ ನೋಡಿದೆ. ಅವಳು ನನ್ನ ಮುಖ ನೋಡಿದಳು. ಒಂದು ವರ್ಷ ಅವಳ ಕಣ್ಣನ್ನು ನಾನು, ನನ್ನ ಕಣ್ಣನ್ನು ಅವಳು ನಂಬಿಕೊಂಡು ಮೆರೆದಿದ್ದೆವು. ಹಾಗಾದರೆ ಆ ಸಂಜೆ ನಜೀರನನ್ನು ಕಳಿಸಿದ್ದು ಯಾರು? ನನಗೆ ನಗು ಬಂತು. ಅಷ್ಟರಲ್ಲಿ ಫೋನ್ ರಿಂಗಾಯಿತು. ನಜೀರ್. ಎರಡು ದಿನದ ರಜೆಗೆ ವಾರದ ರಜೆಯನ್ನೂ ಸೇರಿಸಿ, ಹಿಂದಿನ ದಿನವೇ ಊರು ಸೇರಿದ್ದ.

"ಸಾರ್, ಅಮ್ಮನ ಜೊತೆ ಮಾಳಿಗೆ ಮೇಲೆ ಇದೀನಿ. ಇಲ್ಲಿ ಬರೀ ಮೋಡ. ಅಲ್ಲಿ ಕಂಡ್ತಾ?"

"ಇಲ್ಲ ಕಣಪ್ಪ" ಎಂದೆ. ಆ ಎರಡು ಪದ ಹೇಳಿದ್ದೇ ಎದೆಯ ಮೇಲಿಂದ ಏನೋ ಇಳಿದ ಹಾಗಾಯಿತು. "ನಿಜವಾಗಿ ಹೇಳ್ತಿದ್ದೀನಿ. ನನಗೆ ಕಾಣಲಿಲ್ಲ."

ಆ ಕಡೆ ಉರ್ದುವಿನಲ್ಲಿ ಒಂದು ಮುದುಕಿಯ ದನಿ ಏನೋ ಹೇಳಿತು. ನಜೀರ್ ನಕ್ಕ.

"ಅಮ್ಮ ಹೇಳ್ತಾವ್ರೆ ಸಾರ್, ಹೋದ ವರ್ಷ ಎಲ್ಲರಿಗಿಂತ ಮೊದಲು ಕಂಡಿದ್ದು ನಿಮಗೇ ಅಂತೆ. ಇನ್ನೊಂದ್ಸಲ ಸರಿಯಾಗಿ ನೋಡ್ಬೇಕಂತೆ."

ಸುಶೀಲ ಸೆರಗಿನಿಂದ ನನ್ನ ಕನ್ನಡಕ ಒರೆಸಿಕೊಟ್ಟಳು. ಹಾಕಿಕೊಂಡು, ಫೋನ್ ಕಿವಿಯಲ್ಲೇ ಇಟ್ಟುಕೊಂಡು, ಪಡುವಣಕ್ಕೆ ತಿರುಗಿ ನಿಂತೆ.